ಬಚ್ಚಲಿಗೆ ಸೀಗೆ ಸರಿ, ತೊಟ್ಟಿಲಿಗೆ ಜೇನು ಬೇಡ!

ಶಿವಮೊಗ್ಗ: ಹಿಟ್ಟಿನ ಮಿಲ್ಲು ಎಲ್ಲಿದೆ ಅಂತ ಯಾರನ್ನಾದರೂ ಕೇಳಬೇಕು. ಸೀಗೆ ಬೀಸುವ ಮಿಲ್ಲನ್ನು ಯಾರನ್ನೂ ಕೇಳಬೇಕಾಗಿಲ್ಲ, ಮೂಗೇ ದಾರಿ ತೋರಿಸುತ್ತದೆ. ಇನ್ನೂ ಹತ್ತು ಹೆಜ್ಜೆ ಇರುವಾಗಲೇ ಮೊದಲ ಸೀನು. ಬಾಗಿಲಿಗೆ ಬಂದರೆ ಸಾಲು ಸಾಲು ಸೀನು. ಒಳಗೆ ಮಿಷನ್ನಿನ ಮುಂದೆ ನಿಂತವನು ಮೂಗು ಬಾಯಿಗೆ ಟವೆಲ್ ಬಿಗಿದು, ಹುಬ್ಬು ರೆಪ್ಪೆಯೆಲ್ಲ ಕಂದು ಪುಡಿ ಮಾಡಿಕೊಂಡು, ಯಾವ ಗಿರಾಕಿಯನ್ನೂ ಹೆಚ್ಚು ಮಾತಾಡಿಸದೆ ಕೆಲಸ ಮಾಡುತ್ತಾನೆ. ಪಾಪ, ಬಾಯಿ ತೆಗೆದರೆ ಅವನಿಗೇ ಕಷ್ಟ. ಅಕ್ಕಿ ಬೀಸುವ ಮಿಷನ್ನಿಗೆ ಸೀಗೆ ಹಾಕಿದರೆ ಮುಂದಿನ ಗಿರಾಕಿ "ರೊಟ್ಟಿ ಕಹಿಯಾಯ್ತಲ್ರೀ" ಎಂದು ಜಗಳಕ್ಕೆ ಬರುವುದು ಗ್ಯಾರಂಟಿ. ಅದಕ್ಕೇ ಇದಕ್ಕೆ ಬೇರೆ ಮಿಷನ್ನು.

ದೀಪಾವಳಿಯ ನೀರು ತುಂಬುವ ಹಬ್ಬಕ್ಕೆ ಎಂಟು ದಿನ ಇದೆ ಎನ್ನುವಾಗ ಇಂಥ ಮಿಲ್ಲಿನ ಮುಂದೆ ಚೀಲಗಳ ಕ್ಯೂ ನಿಲ್ಲುತ್ತದೆ. ಒಂದೊಂದು ಚೀಲದ್ದೂ ಒಂದೊಂದು ಲೆಕ್ಕ. ಒಬ್ಬರದು ಬರೀ ಸೀಗೆಕಾಯಿ, ಒಂದು ಹಿಡಿ ಮೆಂತ್ಯ. ಇನ್ನೊಬ್ಬರದು ಸೀಗೆ, ಅಂಟುವಾಳ, ಹೆಸರುಕಾಳು, ಒಣಗಿದ ದಾಸವಾಳದ ಎಲೆ, ಕಿತ್ತಳೆ ಸಿಪ್ಪೆ. ಮತ್ತೊಬ್ಬರು ಬೇವಿನ ಎಲೆಯನ್ನೂ ಸೇರಿಸಿ ತಂದಿರುತ್ತಾರೆ, ತಲೆ ಹೊಟ್ಟಿಗೆ ಒಳ್ಳೇದು ಅಂತ. ಅಳತೆ ಯಾರಲ್ಲೂ ಬರೆದಿಟ್ಟದ್ದಿಲ್ಲ. ಅತ್ತೆಯ ಮುಷ್ಟಿಯೇ ಅಳತೆ. ಸೊಸೆಯ ಮುಷ್ಟಿ ಸಣ್ಣದಾದರೆ ಆ ವರ್ಷದ ಪುಡಿಯ ಗುಣವೇ ಬೇರೆ!

ಇದೇ ಸೊಸೆ ದಿನನಿತ್ಯಕ್ಕೆ ಶಾಂಪೂ ಪೊಟ್ಟಣ ಹರಿಯುವವಳೇ. ಅದರಲ್ಲಿ ತಪ್ಪೇನೂ ಇಲ್ಲ. ಏಳೂವರೆ ಬಸ್ಸು ಹಿಡಿಯಬೇಕಾದವಳು ಹಂಡೆಗೆ ಉರಿ ಹಾಕಿ, ಎಣ್ಣೆ ಒತ್ತಿಸಿಕೊಂಡು, ಪುಡಿ ಕಲಸಿಕೊಂಡು ಕೂರಲು ಆಗುತ್ತದೆಯೇ? ಸೀಗೆ ಉಳಿದಿರುವುದು ಭಾನುವಾರಕ್ಕೆ ಮತ್ತು ಹಬ್ಬಕ್ಕೆ.

ನೊರೆಯ ಗುಟ್ಟು

ಸೀಗೆ, ಅಂಟುವಾಳ ಎರಡರಲ್ಲೂ ಇರುವುದು ಸ್ಯಾಪೋನಿನ್ ಎಂಬ ವಸ್ತು. ನೀರಿನಲ್ಲಿ ಉಜ್ಜಿದರೆ ಸಾಬೂನಿನಂತೆ ನೊರೆ ಬರುವುದು ಅದರಿಂದಲೇ. ಆದರೆ ಸಾಬೂನಿನ ಸ್ವಭಾವ ಕ್ಷಾರ, ಸೀಗೆಯದು ತುಸು ಹುಳಿ. ಬಯಲುಸೀಮೆಯ ಬೋರ್‌ವೆಲ್ ನೀರಿನಂಥ ಗಡಸು ನೀರಿನಲ್ಲಿ ಸಾಬೂನು ಹಚ್ಚಿದರೆ ಕೂದಲಿಗೆ ಬಿಳಿ ಅಂಟು ಮೆತ್ತಿಕೊಳ್ಳುತ್ತದಲ್ಲ, ಸೀಗೆ ಹಚ್ಚಿದರೆ ಅದಿಲ್ಲ. ನೊರೆ ಕಡಿಮೆ ಎಂದು ಮೂಗು ಮುರಿಯುವವರಿದ್ದಾರೆ. ನೊರೆ ಜಾಸ್ತಿ ಬಂದ ಮಾತ್ರಕ್ಕೆ ಕೊಳೆ ಜಾಸ್ತಿ ಹೋಯಿತು ಎಂದೇನೂ ಅಲ್ಲ. ಅಂಟುವಾಳದ ಕಾಯಿಯಿಂದ ಚಿನ್ನದ ಒಡವೆ, ರೇಷ್ಮೆ ಸೀರೆ ತೊಳೆಯುವುದು ಹಳೇ ಕಾಲದಿಂದ ಬಂದದ್ದು. ಜರಿಗೆ ಪೆಟ್ಟಾಗದಂತೆ ಕೊಳೆ ತೆಗೆಯುತ್ತದೆ.

ಮಲೆನಾಡಿನ ಮನೆಗಳಲ್ಲಿ ಇನ್ನೂ ಒಂದಿದೆ: ಗೊಂಪು. ದಾಸವಾಳದ ಎಲೆಯನ್ನೋ ಮತ್ತಿ ಸೊಪ್ಪನ್ನೋ ನೀರಲ್ಲಿ ಕಿವುಚಿದರೆ ಲೋಳೆ ಬಿಡುತ್ತದೆ. ಎಣ್ಣೆ ಹಚ್ಚಿದ ತಲೆಗೆ ಅದನ್ನು ತಿಕ್ಕಿದರೆ ಕೂದಲು ರೇಷ್ಮೆಯಾಗುತ್ತದೆ. ಇದಕ್ಕೆ ಮಿಲ್ಲೂ ಬೇಡ, ಸೀನೂ ಬೇಡ, ಹಿತ್ತಲಿಗೆ ಹೋಗಿ ಬಂದರೆ ಸಾಕು. ಹೆಸರುಹಿಟ್ಟು, ಕಡಲೆಹಿಟ್ಟಿನ ಸ್ನಾನದ ಬಗ್ಗೆಯೂ ಹೆದರಬೇಕಾದದ್ದೇನಿಲ್ಲ. ಪುಡಿಗೆ ತೇವ ತಗುಲಿ ಬೂಷ್ಟು ಬರಬಾರದು, ಸೀಗೆ ಕಣ್ಣಿಗೆ ಹೋಗಬಾರದು, ಅಷ್ಟೇ. ಹೋದರೆ ಏನಾಗುತ್ತದೆ ಎಂಬುದು ಹಬ್ಬದ ಬೆಳಿಗ್ಗೆ ಯಾವುದೇ ಬೀದಿಯಲ್ಲಿ ಮಕ್ಕಳ ಕಿರುಚಾಟ ಕೇಳಿದವರಿಗೆ ಗೊತ್ತು.

ಮುಖಕ್ಕೆ ನಿಂಬೆಹಣ್ಣು ಉಜ್ಜಿಕೊಂಡು ಬಿಸಿಲಿಗೆ ಹೋಗುವ ಹುಡುಗಿಯರಿಗೆ ಮಾತ್ರ ಒಂದು ಮಾತು. ನಿಂಬೆ ರಸ ತಾಗಿದ ಚರ್ಮ ಬಿಸಿಲಿಗೆ ಸುಟ್ಟು ಕಪ್ಪು ಕಲೆ ಬೀಳುವುದುಂಟು. ಬಿಳಿಯಾಗಲು ಹೊರಟವರು ಕಪ್ಪಾಗಿ ಬಂದಂತೆ! ಉಮಿಕರಿಯಿಂದ ದಿನಾ ಹಲ್ಲು ತಿಕ್ಕಿದರೂ ಅಷ್ಟೇ. ಹಲ್ಲು ಬೆಳ್ಳಗಾಗುವುದು ಮೇಲಿನ ಪದರ ಸವೆದು ಹೋಗಿ. ಸವೆದದ್ದು ಮತ್ತೆ ಬೆಳೆಯುವುದಿಲ್ಲ.

ಹಾಗೆಂದು ಮನೆಮದ್ದೆಲ್ಲ ಮೂಢನಂಬಿಕೆ ಎನ್ನುವವರ ಬಾಯಿ ಮುಚ್ಚಿಸಲು ಅರಿಶಿನ ಒಂದೇ ಸಾಕು. ಗಾಯಕ್ಕೆ ಅರಿಶಿನ ಹಚ್ಚುವುದನ್ನು ತಾವೇ ಕಂಡುಹಿಡಿದೆವೆಂದು ಅಮೆರಿಕದ ಮಿಸಿಸಿಪ್ಪಿ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರ 1995ರಲ್ಲಿ ಪೇಟೆಂಟ್ ಪಡೆದಿತ್ತು. ನಮ್ಮ ದೇಶದ ಸಿಎಸ್‌ಐಆರ್ ಸಂಸ್ಥೆ ಹಳೆಯ ಗ್ರಂಥಗಳನ್ನು ಮುಂದಿಟ್ಟು ವಾದ ಮಾಡಿ 1997ರಲ್ಲಿ ಅದನ್ನು ರದ್ದು ಮಾಡಿಸಿತು. ಅಜ್ಜಿಯ ಮಸಾಲೆ ಡಬ್ಬಿಗೆ ಅಮೆರಿಕದ ಪೇಟೆಂಟ್ ಕಚೇರಿಯಲ್ಲೇ ಗೆಲುವು!

ತೊಟ್ಟಿಲ ಹತ್ತಿರ ಬಂದಾಗ

ಆದರೆ ಇದೇ ಡಬ್ಬಿ ತೊಟ್ಟಿಲ ಹತ್ತಿರ ಬಂದಾಗ ಮಾತು ಬೇರೆಯಾಗುತ್ತದೆ. ಬಾಣಂತನ ನಡೆಯುವ ಮನೆಗಳಲ್ಲಿ ಈಗಲೂ ಆಗುವ ಜಗಳ ಹೆಚ್ಚುಕಡಿಮೆ ಒಂದೇ.

"ಅತ್ತೆ, ಮಗೂಗೆ ಜೇನು ನೆಕ್ಕಿಸಬೇಡಿ ಅಂದಿದಾರೆ ಡಾಕ್ಟ್ರು."

"ನಿನ್ನ ಗಂಡನಿಗೆ ಹುಟ್ಟಿದ ದಿನವೇ ನೆಕ್ಕಿಸಿದ್ದು ಕಣೇ. ಅವನೇನು ಸತ್ತೋದ್ನಾ?"

ಈ ಪ್ರಶ್ನೆಗೆ ಸೊಸೆಯ ಹತ್ತಿರ ಉತ್ತರವಿರುವುದಿಲ್ಲ. ಗಂಡ ಎದುರಿಗೇ ಪೇಪರು ಓದುತ್ತಾ ಕೂತಿರುತ್ತಾನೆ.

ಉತ್ತರ ಇದೆ. ಜೇನಿನಲ್ಲಿ ಕೆಲವೊಮ್ಮೆ ಬಾಟುಲಿಸಂ ರೋಗಾಣುವಿನ ಬೀಜಾಣುಗಳು ಇರುತ್ತವೆ. ದೊಡ್ಡವರ ಹೊಟ್ಟೆಯಲ್ಲಿ ಅವುಗಳ ಆಟ ನಡೆಯುವುದಿಲ್ಲ. ಒಂದು ವರ್ಷ ತುಂಬದ ಕೂಸಿನ ಕರುಳಿನಲ್ಲಿ ಅವು ಮೊಳೆತು ವಿಷ ಉಗುಳಬಲ್ಲವು. ಮೊದಲು ಮಲಬದ್ಧತೆ, ಆಮೇಲೆ ಹಾಲು ಚೀಪುವ ಶಕ್ತಿ ಕುಂದುವುದು, ಅಳುವ ದನಿ ಸಣ್ಣಗಾಗುವುದು, ಕೈಕಾಲು ಜೋತು ಬೀಳುವುದು, ಕೊನೆಗೆ ಉಸಿರಾಟಕ್ಕೇ ಕುತ್ತು. ಮನೆಯಲ್ಲಿ ಕುದಿಸಿದರೂ ಆ ಬೀಜಾಣು ಸಾಯುವುದಿಲ್ಲ. ಎಲ್ಲ ಜೇನಿನಲ್ಲೂ ಅದು ಇರುವುದಿಲ್ಲ, ಎಲ್ಲ ಮಕ್ಕಳಿಗೂ ಹೀಗಾಗುವುದಿಲ್ಲ. ಅದಕ್ಕೇ ಗಂಡ ಪೇಪರು ಓದುತ್ತಾ ಕೂತಿದ್ದಾನೆ! ಆದರೆ ಯಾವ ಬಾಟಲಿಯಲ್ಲಿದೆ, ಯಾವುದರಲ್ಲಿಲ್ಲ ಎಂದು ಕಣ್ಣಲ್ಲಿ ನೋಡಿ ಹೇಳುವ ಅಜ್ಜಿ ಇನ್ನೂ ಹುಟ್ಟಿಲ್ಲ. ವರ್ಷ ತುಂಬಿದ ಮೇಲೆ ಕೆಮ್ಮಿಗೆ ಒಂದು ಚಮಚ ಜೇನು ಕೊಡಲು ಡಾಕ್ಟರುಗಳ ಆಕ್ಷೇಪಣೆಯೂ ಇಲ್ಲ.

ಇನ್ನು ತೇಯುವ ಮದ್ದು. ಬಜೆ, ಜಾಯಿಕಾಯಿ, ಅಳಲೆಕಾಯಿ ಒಂದೊಂದನ್ನೂ ಕಲ್ಲಿನ ಮೇಲೆ ಎದೆಹಾಲಿನಲ್ಲಿ ಎರಡು ಸುತ್ತು ತೇಯ್ದು ನಾಲಿಗೆಗೆ ಸವರುವ ಪದ್ಧತಿ. ಸುತ್ತು ಎರಡಿದ್ದಾಗ ಕಥೆ ಒಂದು. ಮಗು ರಾತ್ರಿಯೆಲ್ಲ ಅಳುತ್ತದೆ, ಮನೆಯವರಿಗೆ ನಿದ್ದೆಯಿಲ್ಲ ಎಂದು ಜಾಯಿಕಾಯಿಯ ಸುತ್ತು ಹತ್ತಾದರೆ? ಮಗು ನಿದ್ದೆ ಹೋಗುತ್ತದೆ, ನಿಜ. ಅದು ನಿದ್ದೆಯಲ್ಲ, ಅಮಲು. ಬಜೆಯ ಬೇರಿನಲ್ಲಿರುವ ಅಸರೋನ್ ಎಂಬ ಅಂಶದ ಕಾರಣಕ್ಕೆ ಅಮೆರಿಕದಲ್ಲಿ 1968ರಲ್ಲೇ ಬಜೆಯನ್ನು ಆಹಾರಕ್ಕೆ ಬಳಸಬಾರದೆಂದು ನಿಷೇಧಿಸಲಾಯಿತು. ಇಲ್ಲಿ ಗ್ರಂದಿಗೆ ಅಂಗಡಿಯಲ್ಲಿ ಯಾರು ಬೇಕಾದರೂ ಕೊಳ್ಳಬಹುದು. ಆರು ತಿಂಗಳವರೆಗೆ ಎದೆಹಾಲು ಬಿಟ್ಟು ನೀರನ್ನೂ ಕೊಡಬೇಡಿ ಎನ್ನುವುದು ಮಕ್ಕಳ ಡಾಕ್ಟರುಗಳ ಒಂದೇ ಸಾಲಿನ ಸಲಹೆ.

ಕಾಡಿಗೆಯ ವಿಷಯಕ್ಕೆ ಬಂದರೆ ಮನೆಯಲ್ಲಿ ಹರಳೆಣ್ಣೆ ದೀಪದ ಮೇಲೆ ತಟ್ಟೆ ಕವುಚಿ ಹಿಡಿದ ಮಸಿ ಬೇರೆ, ಪೇಟೆಯಲ್ಲಿ ಸಿಗುವ ಸುರ್ಮಾ ಬೇರೆ. ಎಷ್ಟೋ ಸುರ್ಮಾಗಳಲ್ಲಿ ಇರುವುದು ಸೀಸದ ಅದಿರು. ಸೀಸ ಮಗುವಿನ ಮೈ ಸೇರಿದರೆ ಏಟು ಬೀಳುವುದು ಮಿದುಳಿಗೆ. ಮನೆಯ ಮಸಿಯಲ್ಲಿ ಸೀಸದ ಭಯವಿಲ್ಲದಿದ್ದರೂ ಅದನ್ನು ಕಣ್ಣಿಗೆ ಎಳೆಯುವ ಬೆರಳಿದೆಯಲ್ಲ, ಆ ಉಗುರಿನ ಕೊಳೆ ಸಾಕು ಕಣ್ಣು ಕೆಂಪಗಾಗಲು. ದೃಷ್ಟಿ ತಾಕುತ್ತದೆ ಎಂಬ ಚಿಂತೆಯಿದ್ದರೆ ಕಿವಿಯ ಹಿಂದೆ ಒಂದು ಬೊಟ್ಟು ಇಡಿ, ದೇವರಿಗೂ ಡಾಕ್ಟರಿಗೂ ಸಮಾಧಾನ.

ಶೀತಕ್ಕೆಂದು ಕೊಬ್ಬರಿ ಎಣ್ಣೆಗೆ ಕರ್ಪೂರ ಹಾಕಿ ಎಳೆಗೂಸಿನ ಎದೆಗೆ ತಿಕ್ಕುವುದೂ ಉಂಟು. ಅದಕ್ಕಿಂತ ಅಪಾಯ, ಉಳಿದ ಕರ್ಪೂರವನ್ನು ಅಂಬೆಗಾಲಿಡುವ ಮಗುವಿನ ಕೈಗೆ ಸಿಗುವಂತೆ ಇಡುವುದು. ಬಾಯಿಗೆ ಹೋದದ್ದು ಸ್ವಲ್ಪವೇ ಆದರೂ ಫಿಟ್ಸ್ ಬರುತ್ತದೆ. ಹೊಕ್ಕುಳಿಗೆ ಬೂದಿ, ಸಗಣಿ ಹಚ್ಚುತ್ತಿದ್ದ ಕಾಲದಲ್ಲಿ ಧನುರ್ವಾಯು ತಾಗಿ ಹೋದ ಕೂಸುಗಳಿಗೆ ಲೆಕ್ಕವಿರಲಿಲ್ಲ. ಗರ್ಭಿಣಿಯರಿಗೆ ಟಿಟಿ ಚುಚ್ಚುಮದ್ದು, ಆಸ್ಪತ್ರೆ ಹೆರಿಗೆ ಇವೆಲ್ಲ ಬಂದು, ಬಾಣಂತಿ ಶಿಶುಗಳ ಧನುರ್ವಾಯು ಭಾರತದಲ್ಲಿ ಹತೋಟಿಗೆ ಬಂದಿತೆಂದು ಘೋಷಣೆಯಾದದ್ದು 2015ರಲ್ಲಿ.

ಕಾಮಾಲೆಯ ಕೀರ್ತಿ

ಜಿಲ್ಲೆಯಲ್ಲಿ ಕಾಮಾಲೆಗೆ ನಾಟಿ ಔಷಧಿ ಕೊಡುವವರಿಗೆ ಇರುವಷ್ಟು ಹೆಸರು ಬೇರೆ ಯಾರಿಗೂ ಇಲ್ಲ. ನೆಲನೆಲ್ಲಿ ಅರೆದು ಮಜ್ಜಿಗೆಯಲ್ಲಿ ಖಾಲಿ ಹೊಟ್ಟೆಗೆ ಮೂರು ದಿನ. ಪಥ್ಯ ಬೇರೆ. ಗುಣವಾಗುವುದೂ ಸುಳ್ಳಲ್ಲ. ಆದರೆ ನೀರಿನಿಂದ ಬರುವ ಹೆಪಟೈಟಿಸ್ ಎ ಕಾಮಾಲೆ ಬಹುಮಂದಿಗೆ ಕೆಲವು ವಾರಗಳಲ್ಲಿ ತಾನಾಗಿಯೇ ಇಳಿಯುತ್ತದೆ ಎಂಬುದನ್ನೂ ಹೇಳಬೇಕಲ್ಲ. ಕಾಯಿಲೆ ತಾನಾಗಿ ಹೋದಾಗ ಕೀರ್ತಿ ಸೊಪ್ಪಿಗೆ, ಹೋಗದಿದ್ದಾಗ ದೋಷ ರೋಗಿಯ ಪಥ್ಯಕ್ಕೆ. ಪಿತ್ತನಾಳದಲ್ಲಿ ಕಲ್ಲು ಸಿಕ್ಕಿ ಬಂದ ಕಾಮಾಲೆಗೆ ಸೊಪ್ಪು ಏನು ಮಾಡೀತು? ತುಂಬಿದ ಗರ್ಭಿಣಿಗೆ ಹೆಪಟೈಟಿಸ್ ಇ ಬಂದರೆ ತಾಯಿ, ಮಗು ಇಬ್ಬರ ಜೀವಕ್ಕೂ ಸಂಚಕಾರ. ಅಂಥವರನ್ನು ಮೂರು ದಿನ ಮಜ್ಜಿಗೆಗಾಗಿ ಕಾಯಿಸಬಾರದು.

ಹುಟ್ಟಿದ ಮಗುವಿಗೆ ಕಾಮಾಲೆಯೆಂದು ಕಾದ ಕಬ್ಬಿಣದಿಂದ ಬರೆ ಹಾಕುವವರು ಪೂರ್ತಿ ಇಲ್ಲವಾಗಿಲ್ಲ. ನೀಲಿ ಬೆಳಕಿನ ಕೆಳಗೆ ಮಲಗಿಸಿದರೆ ಇಳಿಯುವ ಹಳದಿಗೆ, ಎಳೆ ಹೊಟ್ಟೆಯ ಮೇಲೆ ಕಬ್ಬಿಣ! ಹಳದಿ ವಿಪರೀತ ಏರಿದರೆ ಮಿದುಳಿಗೇ ಶಾಶ್ವತ ಹಾನಿ. ಬರೆ ಹಾಕಿಸಿ "ನೋಡೋಣ" ಎಂದು ಕಾಯುವ ಎರಡು ದಿನದಲ್ಲೇ ಆಗಬಾರದ್ದು ಆಗಿಹೋಗುತ್ತದೆ.

ಉಪ್ಪು, ಸಕ್ಕರೆ, ನೀರು

ಮಜಾ ಎಂದರೆ, ಮನೆಮದ್ದುಗಳಲ್ಲೇ ದೊಡ್ಡ ಮದ್ದು ಯಾವುದೋ ಅದನ್ನು ಮನೆಮದ್ದು ಎಂದು ಯಾರೂ ಲೆಕ್ಕಕ್ಕೇ ಹಿಡಿಯುವುದಿಲ್ಲ. 1971ರಲ್ಲಿ ಬಾಂಗ್ಲಾದಿಂದ ಓಡಿ ಬಂದ ನಿರಾಶ್ರಿತರ ಬನಗಾಂವ್ ಶಿಬಿರದಲ್ಲಿ ಕಾಲರಾ ಹಬ್ಬಿ ನೂರಕ್ಕೆ ಮೂವತ್ತರಂತೆ ಜನ ಸಾಯುತ್ತಿದ್ದರು. ರಕ್ತನಾಳಕ್ಕೆ ಏರಿಸುವ ಸಲೈನ್ ಸಾಲದೆ ಬಂದಾಗ ಡಾ. ದಿಲೀಪ್ ಮಹಾಲನಬೀಸ್ ಉಪ್ಪು, ಗ್ಲೂಕೋಸ್ ಮತ್ತು ಸೋಡಾ ಬೆರೆಸಿದ ನೀರನ್ನು ಡ್ರಮ್ಮುಗಳಲ್ಲಿ ತುಂಬಿಸಿ, ರೋಗಿಗಳ ಮನೆಯವರ ಕೈಯಿಂದಲೇ ಕುಡಿಸಿದರು. ಸಾವು ನೂರಕ್ಕೆ ನಾಲ್ಕಕ್ಕಿಂತ ಕೆಳಗಿಳಿಯಿತು. ಅವರಿಗೆ ಪದ್ಮವಿಭೂಷಣ ಬಂದದ್ದು 2023ರಲ್ಲಿ, ತೀರಿಕೊಂಡ ಮೇಲೆ.

ಓಆರ್‌ಎಸ್ ಪೊಟ್ಟಣ ಸಿಕ್ಕರೆ ಅದೇ ಉತ್ತಮ. ರಾತ್ರಿ ಹೊತ್ತು ಸಿಗದಿದ್ದರೆ, ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ತಲೆ ಸವರಿದ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಉಪ್ಪು ಇದಕ್ಕಿಂತ ಹೆಚ್ಚಾದರೆ ಮಗುವಿಗೆ ಅಪಾಯ. ಇಲ್ಲಿ ಅತ್ತೆಯ ಮುಷ್ಟಿ ಲೆಕ್ಕ ನಡೆಯುವುದಿಲ್ಲ, ಚಮಚವೇ ಆಗಬೇಕು. ಎದೆಹಾಲು ನಿಲ್ಲಿಸಕೂಡದು. ಭೇದಿಯಾಗುವಾಗ ಹೊಟ್ಟೆಗೆ ಏನೂ ಕೊಡಬಾರದೆಂದು ಮಗುವನ್ನು ಒಣಗಿಸುವ ಮನೆಗಳು ಈಗಲೂ ಇವೆ. ಉಪ್ಪು ಹಾಕಿದ ಗಂಜಿ ತಿಳಿ ಕೊಡುವ ಅಜ್ಜಿಯೇ ಈ ವಿಷಯದಲ್ಲಿ ಜಾಣೆ.

ಕೋವಿಡ್ ಕಾಲದಲ್ಲಿ ಅಮೃತಬಳ್ಳಿಯ ಮೇಲೆ ಬಿದ್ದ ಜನರ ಕಥೆ ಇನ್ನೊಂದು. ಬೇಲಿಯ ಬಳ್ಳಿಯೆಲ್ಲ ಕಷಾಯವಾಯಿತು. 2021ರಲ್ಲಿ ಮುಂಬೈಯ ವೈದ್ಯರು, ಅದನ್ನು ಸೇವಿಸಿದ 6 ಜನರಲ್ಲಿ ಯಕೃತ್ತಿಗೆ ಪೆಟ್ಟಾದದ್ದನ್ನು ವರದಿ ಮಾಡಿದರು. ಆಯುಷ್ ಸಚಿವಾಲಯ ಇದನ್ನು ಒಪ್ಪಲಿಲ್ಲ, ಅದೇ ಜಾತಿಯ ಬೇರೆ ಬಳ್ಳಿಯನ್ನು ತಪ್ಪಾಗಿ ಬಳಸಿರಬಹುದು ಎಂದಿತು. ಇಬ್ಬರಲ್ಲಿ ಯಾರ ಮಾತು ಹಿಡಿದರೂ ಗುರುತು ತಿಳಿಯದ ಬಳ್ಳಿಯನ್ನು ದಿನಾ ಕುದಿಸಿ ಕುಡಿಯುವ ಧೈರ್ಯ ಮಾಡಬೇಕಾದದ್ದಿಲ್ಲ.

ಜ್ವರ ಬಂತೆಂದರೆ ಮೆಣಸು, ಜೀರಿಗೆ, ಕೊತ್ತಂಬರಿ, ಶುಂಠಿಯ ಕಷಾಯ. ಮಳೆಗಾಲದ ನೆಗಡಿಗೆ ಅದರಷ್ಟು ಹಿತ ಬೇರಿಲ್ಲ. ಆದರೆ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮಂಗನ ಕಾಯಿಲೆ ಪತ್ತೆಯಾದ ಜಿಲ್ಲೆಯಿದು. ಬೇಸಿಗೆಯಲ್ಲಿ ಕಾಡಿಗೆ ಹೋಗಿ ಬಂದವರಿಗೆ ಇದ್ದಕ್ಕಿದ್ದಂತೆ ಜ್ವರ, ತಲೆನೋವು, ಮೈಕೈ ನೋವು ಹಿಡಿದರೆ ಕಷಾಯದಲ್ಲಿ ನಾಲ್ಕು ದಿನ ಕಳೆಯುವಂತಿಲ್ಲ. ಇದಕ್ಕೇ ಎಂಬ ಔಷಧಿ ಇಲ್ಲ, ಆಸ್ಪತ್ರೆಯ ಆರೈಕೆಯೇ ಗತಿ. ಹಿಂದೆ ಕೊಡುತ್ತಿದ್ದ ಲಸಿಕೆಯೂ 2022ರ ಹೊತ್ತಿಗೆ ನಿಂತುಹೋಯಿತು. ಉಣುಗು ಹತ್ತದಂತೆ ಕೈಕಾಲಿಗೆ ಹೊಂಗೆ ಎಣ್ಣೆಯನ್ನೋ ಬೇವಿನ ಎಣ್ಣೆಯನ್ನೋ ಬಳಿದುಕೊಂಡು ತರಗೆಲೆ ಗುಡಿಸಲು ಹೋಗುವ ಹಿರಿಯರಿದ್ದಾರೆ. ಆರೋಗ್ಯ ಇಲಾಖೆಯವರು ಮನೆಬಾಗಿಲಿಗೆ ತಂದುಕೊಟ್ಟ ಡೆಪಾ ತೈಲದ ಬಾಟಲಿ ಎಷ್ಟೋ ಮನೆಗಳಲ್ಲಿ ಬಿರಡೆಯನ್ನೂ ತೆಗೆಯದೆ ಗೂಡಿನಲ್ಲಿ ಕೂತಿರುತ್ತದೆ, "ವಾಸನೆ ಕಣ್ರೀ, ಚರ್ಮಕ್ಕೆ ಉರಿ" ಎಂಬ ದೂರಿನ ಜೊತೆ. ಕಾಡಿನಿಂದ ಬಂದ ಕೂಡಲೇ ಬಟ್ಟೆ ಬಿಸಿನೀರಿಗೆ ಹಾಕಿ, ಮೈ ತಿಕ್ಕಿ ಸ್ನಾನ ಮಾಡಿ ಎಂದೂ ಇಲಾಖೆಯವರು ಹೇಳಿ ಹೋಗುತ್ತಾರೆ. ಸೀಗೆಯೋ ಸಾಬೂನೋ, ಅದನ್ನವರು ಕೇಳುವುದಿಲ್ಲ. ಹತ್ತಿರದಲ್ಲೆಲ್ಲಾದರೂ ಮಂಗ ಸತ್ತು ಬಿದ್ದಿದೆಯೇ ಎಂದು ಮಾತ್ರ ಕೇಳುತ್ತಾರೆ.