ಮೇಜು ಕೆಳಗಿಳಿಯಲು ಎರಡು ವರ್ಷ

ಗೆಳೆಯನೊಬ್ಬನಿಗೆ ಸರ್ಕಾರಿ ನೌಕರಿ ಸಿಕ್ಕಾಗ ಊರಿಗೆ ಊರೇ ಸಂತೋಷಪಟ್ಟಿತ್ತು. ಎಳವೆಯಲ್ಲೇ ಪೋಲಿಯೊ ಬಂದು ಅವನ ಎಡಗಾಲು ಸೋತಿತ್ತು. ವಿಕಲಚೇತನರ ಮೀಸಲಾತಿಯಲ್ಲಿ ಬಂದ ದ್ವಿತೀಯ ದರ್ಜೆ ಸಹಾಯಕನ ಹುದ್ದೆ ಅದು. ಡ್ಯೂಟಿಗೆ ರಿಪೋರ್ಟ್ ಮಾಡಿಕೊಳ್ಳಲು ಹೋದ ದಿನವೇ ಗೊತ್ತಾಯಿತು, ಅವನ ಶಾಖೆ ಇರುವುದು ಮೊದಲ ಮಹಡಿಯಲ್ಲಿ. ಲಿಫ್ಟ್ ಇಲ್ಲ, ಇಪ್ಪತ್ತೆರಡು ಮೆಟ್ಟಿಲು. ಒಂದು ಕೈಯಲ್ಲಿ ಊರುಗೋಲು, ಇನ್ನೊಂದು ಕೈ ಕಂಬಿಯ ಮೇಲೆ. ಕೆಲವೇ ದಿನಗಳಲ್ಲಿ ಕಾಫಿಗೆ ಇಳಿಯುವುದನ್ನು ಬಿಟ್ಟ. ಶೌಚಾಲಯ ಕೆಳಗಿತ್ತು, ಹಾಗಾಗಿ ನೀರು ಕುಡಿಯುವುದನ್ನೂ ಕಡಿಮೆ ಮಾಡಿದ. ಕೇಳಿದಾಗಲೆಲ್ಲ ‘ಕೆಳಗೆ ಜಾಗ ಇಲ್ಲ ಕಣ್ರೀ, ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ’ ಎಂಬ ಉತ್ತರ. ಎರಡು ವರ್ಷದ ಮೇಲೆ ವರ್ಗವಾಗಿ ಬಂದ ಹೊಸ ಅಧಿಕಾರಿ ಇಬ್ಬರು ಡಿ ಗ್ರೂಪ್ ನೌಕರರನ್ನು ಕರೆದು ಅವನ ಮೇಜು, ಕುರ್ಚಿ, ಬೀರು ಮೂರನ್ನೂ ಕೆಳಗಿಳಿಸಿದರು. ಅರ್ಧ ಗಂಟೆಯ ಕೆಲಸ. ಖರ್ಚೆಂದರೆ ಆ ಇಬ್ಬರಿಗೆ ಕುಡಿಸಿದ ಕಾಫಿ.

ವಿಕಲಚೇತನರ ಉದ್ಯೋಗದ ಬಗ್ಗೆ ನಮ್ಮಲ್ಲಿ ಮಾತು ಬಂದರೆ ಅದು ಸುತ್ತುವುದೆಲ್ಲ ಮೀಸಲಾತಿಯ ಸುತ್ತಲೇ. ಅದು ತಪ್ಪಲ್ಲ. 1995ರ ಕಾಯ್ದೆ ಸರ್ಕಾರಿ ಹುದ್ದೆಗಳಲ್ಲಿ ಶೇ 3ರಷ್ಟು ಮೀಸಲಾತಿ ಕೊಟ್ಟಿತ್ತು. ಅದರ ಜಾಗಕ್ಕೆ ಬಂದ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ, 2017ರ ಏಪ್ರಿಲ್ 19ರಿಂದ ಜಾರಿಯಲ್ಲಿದೆ. ಅದು ಈ ಪ್ರಮಾಣವನ್ನು ಶೇ 4ಕ್ಕೆ ಏರಿಸಿತು. ಹಿಂದೆ ಏಳು ಬಗೆಯ ವೈಕಲ್ಯವನ್ನು ಗುರುತಿಸುತ್ತಿದ್ದ ಕಾನೂನು ಈಗ 21 ಬಗೆಯನ್ನು ಗುರುತಿಸುತ್ತದೆ. ಆಟಿಸಂ, ಕಲಿಕಾ ನ್ಯೂನತೆ, ಆಸಿಡ್ ದಾಳಿಗೆ ತುತ್ತಾದವರ ವೈಕಲ್ಯ ಎಲ್ಲವೂ ಅದರಲ್ಲಿ ಸೇರಿವೆ. ಕರ್ನಾಟಕದಲ್ಲಿ ಗ್ರೂಪ್ ಎ, ಬಿ ಹುದ್ದೆಗಳಿಗೆ ಶೇ 4, ಸಿ, ಡಿ ಹುದ್ದೆಗಳಿಗೆ ಶೇ 5. ಆದರೆ 2011ರ ಜನಗಣತಿ ಪ್ರಕಾರ ರಾಜ್ಯದ ವಿಕಲಚೇತನರ ಸಂಖ್ಯೆ 13.24 ಲಕ್ಷ. ಅವರಲ್ಲಿ ಎಷ್ಟು ಮಂದಿಗೆ ಸರ್ಕಾರಿ ನೌಕರಿ ಸಿಕ್ಕೀತು, ನೀವೇ ಅಂದಾಜು ಮಾಡಿ.

ನನಗೆ ಮೀಸಲಾತಿಗಿಂತ ಮುಖ್ಯವೆನಿಸುವುದು 2016ರ ಅದೇ ಕಾಯ್ದೆಯ ಸೆಕ್ಷನ್ 20. ಕಚೇರಿಗಳಲ್ಲಿ ಇದರ ಹೆಸರು ಕೇಳಿದವರೇ ಕಡಿಮೆ. ಸರ್ಕಾರಿ ಸಂಸ್ಥೆಯ ನೌಕರನೊಬ್ಬ ಸೇವೆಯಲ್ಲಿದ್ದಾಗಲೇ ವಿಕಲಚೇತನನಾದರೆ ಅವನನ್ನು ತೆಗೆದುಹಾಕುವಂತಿಲ್ಲ, ಹುದ್ದೆಯಲ್ಲಿ ಕೆಳಗಿಳಿಸುವಂತಿಲ್ಲ ಎನ್ನುತ್ತದೆ ಅದು. ಈಗಿನ ಕೆಲಸ ಆಗದಿದ್ದರೆ ಅದೇ ವೇತನಶ್ರೇಣಿಯ ಬೇರೆ ಕೆಲಸ ಕೊಡಬೇಕು. ಅಂಥ ಹುದ್ದೆ ಖಾಲಿ ಇಲ್ಲದಿದ್ದರೆ, ಸಿಗುವವರೆಗೆ ಅಥವಾ ನಿವೃತ್ತಿಯವರೆಗೆ, ಸಂಖ್ಯಾತಿರಿಕ್ತ, ಅಂದರೆ ಹೆಚ್ಚುವರಿಯಾಗಿ ಸೃಷ್ಟಿಸಿದ, ಹುದ್ದೆಯಲ್ಲಿ ಇಟ್ಟುಕೊಳ್ಳಬೇಕು. ವೈಕಲ್ಯ ಒಂದೇ ಕಾರಣಕ್ಕೆ ಬಡ್ತಿ ನಿಲ್ಲಿಸುವಂತಿಲ್ಲ. ಕೆಲಸ ಮಾಡಲು ಬೇಕಾದ ಅನುಕೂಲವನ್ನೂ ಸಂಸ್ಥೆಯೇ ಒದಗಿಸಬೇಕು; ಹೊರಲಾರದ ಹೊರೆಯಾದರೆ ಮಾತ್ರ ವಿನಾಯಿತಿ. ಒಂದು ಮೇಜನ್ನು ಕೆಳಗಿಳಿಸುವುದು ಯಾವ ಲೆಕ್ಕದಲ್ಲೂ ಅಂಥ ಹೊರೆಯಲ್ಲ.

ಈ ರಕ್ಷಣೆ 1995ರ ಕಾಯ್ದೆಯಲ್ಲೂ ಸೆಕ್ಷನ್ 47ರ ರೂಪದಲ್ಲಿತ್ತು. ಅದಕ್ಕೆ ಬೆಲೆ ಬಂದದ್ದು ಕುನಾಲ್ ಸಿಂಗ್ ಪ್ರಕರಣದಿಂದ. ಕೇಂದ್ರ ಸರ್ಕಾರದ ಎಸ್‌ಎಸ್‌ಬಿ ಪಡೆಯಲ್ಲಿ ಕಾನ್‌ಸ್ಟೆಬಲ್ ಆಗಿದ್ದ ಅವರಿಗೆ ಕರ್ತವ್ಯದಲ್ಲಿದ್ದಾಗ ಎಡಗಾಲಿಗೆ ಪೆಟ್ಟಾಗಿ, ಗ್ಯಾಂಗ್ರೀನ್ ಹಬ್ಬಿ, ಕಾಲನ್ನೇ ಕತ್ತರಿಸಬೇಕಾಯಿತು. ‘ಅನರ್ಹ’ ಎಂದು ಮನೆಗೆ ಕಳಿಸಿದರು. ಹೈಕೋರ್ಟ್‌ನಲ್ಲಿ ಸೋತರು. 2003ರಲ್ಲಿ ಸುಪ್ರೀಂ ಕೋರ್ಟ್ ಅವರ ಪರವಾಗಿ ತೀರ್ಪು ಕೊಟ್ಟಿತು. ಅನರ್ಹತೆಯ ಪಿಂಚಣಿ ಕೊಟ್ಟೆವು ಎಂದ ಮಾತ್ರಕ್ಕೆ ಕೆಲಸದ ಹಕ್ಕು ಹೋಗುವುದಿಲ್ಲ ಎಂಬುದು ಅದರ ಸಾರ. ಇದಾಗಿ ಎರಡು ದಶಕ ಕಳೆದ ಮೇಲೂ, 2025ರಲ್ಲಿ, ತೆಲಂಗಾಣ ಸಾರಿಗೆ ಸಂಸ್ಥೆಯ ಚಾಲಕರೊಬ್ಬರು ಇಂಥದ್ದೇ ಪ್ರಶ್ನೆ ಹಿಡಿದು ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಬೇಕಾಯಿತು. ಬಣ್ಣ ಗುರುತಿಸುವ ಶಕ್ತಿ ಇಲ್ಲವೆಂದು ಅವರನ್ನು ಸೇವೆಯಿಂದ ಬಿಡಿಸಿದ್ದರು. ಬೇರೆ ಕೆಲಸ ಕೊಡಿ ಎಂದು ಕೋರ್ಟ್ ಹೇಳಿತು. ಕಾನೂನು ಅಷ್ಟು ಸ್ಪಷ್ಟವಾಗಿದ್ದೂ ಒಬ್ಬೊಬ್ಬರೇ ದೆಹಲಿಯವರೆಗೆ ಹೋಗಬೇಕೆಂದರೆ, ಕೆಳಗಿನ ಕಚೇರಿಗಳಲ್ಲಿ ಅದನ್ನು ಓದಿದವರು ಯಾರು?

ಖಾಸಗಿ ಕ್ಷೇತ್ರಕ್ಕೆ ಬಂದರೆ 2016ರ ಕಾಯ್ದೆಯ ದನಿ ಮೆತ್ತಗಾಗುತ್ತದೆ. ಸಿಬ್ಬಂದಿಯಲ್ಲಿ ಶೇ 5ರಷ್ಟು ವಿಕಲಚೇತನರನ್ನು ತೆಗೆದುಕೊಳ್ಳುವ ಮಾಲೀಕರಿಗೆ ಪ್ರೋತ್ಸಾಹ ಕೊಡಬೇಕು ಎಂದಷ್ಟೇ ಅದು ಸರ್ಕಾರಕ್ಕೆ ಹೇಳುತ್ತದೆ. 2008ರಲ್ಲಿ ಕೇಂದ್ರ ಸರ್ಕಾರ ಅಂಥದ್ದೊಂದು ಯೋಜನೆ ತಂದಿತ್ತು. ತಿಂಗಳಿಗೆ 25,000 ರೂಪಾಯಿವರೆಗೆ ಸಂಬಳವಿರುವ ವಿಕಲಚೇತನ ನೌಕರರ ಪಿಎಫ್, ಇಎಸ್‌ಐನ ಮಾಲೀಕರ ಪಾಲನ್ನು ಮೂರು ವರ್ಷ ಸರ್ಕಾರವೇ ಭರಿಸುವುದು. ಯೋಚನೆ ಒಳ್ಳೆಯದೇ. ಆದರೆ ಮಾಲೀಕ ಹಿಂಜರಿಯುವುದು ಪಿಎಫ್ ದುಡ್ಡಿಗಲ್ಲ. ‘ಈ ಹುಡುಗಿಗೆ ಕಿವಿ ಕೇಳಿಸೋದಿಲ್ಲ, ಸೂಪರ್‌ವೈಸರ್ ಹೇಗೆ ಕೆಲಸ ಹೇಳ್ತಾನೆ?’ ಎಂಬುದು ಅವನ ಚಿಂತೆ. ಅದಕ್ಕೆ ಬೇಕಾದದ್ದು ಸನ್ನೆ ಭಾಷೆ ಬಲ್ಲ ಒಬ್ಬರು, ಮೊದಲ ಕೆಲವು ತಿಂಗಳಾದರೂ. ಬ್ರಿಟನ್‌ನಲ್ಲಿ 1994ರಿಂದ ನಡೆಯುತ್ತಿರುವ ‘ಆಕ್ಸೆಸ್ ಟು ವರ್ಕ್’ ಯೋಜನೆ ಇಂಥ ಸಹಾಯಕರಿಗೆ, ಬೇಕಾದ ಸಲಕರಣೆಗೆ, ಬಸ್ಸು ಹತ್ತಲಾಗದವರ ಟ್ಯಾಕ್ಸಿಗೂ ಹಣ ಕೊಡುತ್ತದೆ. ಜರ್ಮನಿ ಇನ್ನೂ ಬಿಗಿ. 20ಕ್ಕಿಂತ ಕಡಿಮೆಯಿಲ್ಲದಷ್ಟು ನೌಕರರಿರುವ ಕಡೆ ಶೇ 5ರಷ್ಟು ತೀವ್ರ ವೈಕಲ್ಯವುಳ್ಳವರು ಇರಲೇಬೇಕು, ಇಲ್ಲದಿದ್ದರೆ ದಂಡದಂತೆ ಹಣ ಕಟ್ಟಬೇಕು. ನಮ್ಮಲ್ಲಿ ಆ ಕೋಲೂ ಇಲ್ಲ, ಈ ಬೆಲ್ಲವೂ ಸಾಲದು.

ಹಳ್ಳಿಯ ಕಥೆ ಬೇರೆ. ಅಲ್ಲಿ ನೌಕರಿ ಎಂಬ ಪದಕ್ಕಿಂತ ದುಡಿಮೆ ಎಂಬ ಪದವೇ ಹೊಂದುತ್ತದೆ. ನರೇಗಾದಲ್ಲಿ ವಿಕಲಚೇತನರು ಅರ್ಧ ಪ್ರಮಾಣದ ಕೆಲಸ ಮಾಡಿದರೂ ಪೂರ್ತಿ ಕೂಲಿ ಎಂಬ ನಿಯಮ ನಮ್ಮ ರಾಜ್ಯದಲ್ಲಿ ಬಂತು. ನನ್ನ ದೃಷ್ಟಿಯಲ್ಲಿ ಇಷ್ಟು ಸರಳವಾದ, ಇಷ್ಟು ಅರ್ಥಪೂರ್ಣವಾದ ನಿಯಮ ಇನ್ನೊಂದಿಲ್ಲ. ಪೆಟ್ಟಿಗೆ ಅಂಗಡಿ ಇಡುವವರಿಗೆ ‘ಆಧಾರ’ ಯೋಜನೆಯ ನೆರವಿದೆ. ಊರಿನಿಂದ 100 ಕಿ.ಮೀ. ಒಳಗೆ ಓಡಾಡಲು ರಿಯಾಯಿತಿ ಬಸ್ ಪಾಸ್ ಇದೆ. ಇವೆಲ್ಲಕ್ಕೂ ಅರ್ಜಿ ಬರೆದುಕೊಡುವವರು, ವಿಕಲಚೇತನರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡ್ ಮಾಡಿಸಲು ಜಿಲ್ಲಾ ಆಸ್ಪತ್ರೆಯ ದಾರಿ ತೋರಿಸುವವರು ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ಎಲ್ಲರ ಬಾಯಲ್ಲಿ ‘ವಿಆರ್‌ಡಬ್ಲ್ಯೂ’. ಅವರೂ ವಿಕಲಚೇತನರೇ. ಮೂರು ಚಕ್ರದ ಗಾಡಿಯಲ್ಲಿ ಊರೂರು ತಿರುಗುತ್ತಾರೆ. ವಿಚಿತ್ರವೆಂದರೆ, ಬೇರೆಯವರ ಕೆಲಸ ಉಳಿಸಲು ಸರ್ಕಾರ ನೇಮಿಸಿದ ಇವರಿಗೇ ಕೆಲಸದ ಭದ್ರತೆ ಇಲ್ಲ. ಸಿಗುವುದು ಸಂಬಳವಲ್ಲ, ಗೌರವಧನ. ಕಾಯಂ ಮಾಡಿ ಎಂದು ಅವರು ಮತ್ತೆ ಮತ್ತೆ ಧರಣಿ ಕೂತಿದ್ದಾರೆ.

ಇನ್ನೊಂದು ಗಂಟು ವಿಕಲಚೇತನರಿಗೆ ಸರ್ಕಾರ ಕೊಡುವ ಮಾಸಾಶನದ್ದು. ಅದಕ್ಕೆ ಕುಟುಂಬದ ಆದಾಯದ ಮಿತಿ ಇದೆ. ಪೇಟೆಯ ಗಾರ್ಮೆಂಟ್ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿದರೆ ಮಾಸಾಶನ ನಿಂತೀತು, ಆಮೇಲೆ ಆ ಕೆಲಸವೂ ಹೋದರೆ ಮತ್ತೆ ಮಂಜೂರು ಮಾಡಿಸಲು ನಾಡಕಚೇರಿಗೆ ಎಷ್ಟು ಅಲೆಯಬೇಕೋ ಎಂಬ ಭಯ. ‘ಇರೋದನ್ನ ಕಳ್ಕೋಬೇಡ ಮಗಾ’ ಎನ್ನುವ ತಾಯಂದಿರನ್ನು ನಾನು ಕಂಡಿದ್ದೇನೆ. ಅವರನ್ನು ಸೋಮಾರಿತನ ಕಲಿಸುವವರು ಎನ್ನಲಾರೆ. ಕೆಲಸಕ್ಕೆ ಸೇರಿದ ಮೇಲೂ ಒಂದೆರಡು ವರ್ಷ ಮಾಸಾಶನ ಮುಂದುವರಿಸಿದರೆ ಖಜಾನೆ ಬರಿದಾಗುವುದಿಲ್ಲ. ಇದನ್ನು ಬಜೆಟ್ ಬರೆಯುವವರು ಯೋಚಿಸಬೇಕು.

ಅಂದಹಾಗೆ, ಅಂಗವಿಕಲ ಹೋಗಿ ವಿಕಲಚೇತನ ಬಂತು, ವಿಶೇಷಚೇತನ ಬಂತು, ದಿವ್ಯಾಂಗ ಬಂತು. ಹೆಸರು ಬದಲಿಸುವುದರಲ್ಲಿ ನಾವು ಬಹಳ ಚುರುಕು. ಆ ಗೆಳೆಯನನ್ನು ಯಾವ ಹೆಸರು ನಿನಗೆ ಇಷ್ಟ ಎಂದು ಕೇಳಿದ್ದೆ. ‘ಕೇಸ್ ವರ್ಕರ್’ ಎಂದ.

ನಿಮ್ಮ ಮನೆಯಲ್ಲೋ ಕಚೇರಿಯಲ್ಲೋ ಸರ್ಕಾರಿ ನೌಕರರೊಬ್ಬರಿಗೆ ಅಪಘಾತವಾಗಿಯೋ ಕಾಯಿಲೆಯಿಂದಲೋ ಕೈಕಾಲು, ಕಣ್ಣು, ಕಿವಿ ಹೋದರೆ, ಸ್ವಯಂ ನಿವೃತ್ತಿಯ ಕಾಗದಕ್ಕೆ ಸಹಿ ಹಾಕಲು ಬಿಡಬೇಡಿ. ಮೊದಲು ಸೆಕ್ಷನ್ 20 ಓದಿಸಿ. ಬೇಕಾದ ಅನುಕೂಲವನ್ನು ಬಾಯಲ್ಲಿ ಹೇಳದೆ ಅರ್ಜಿಯಲ್ಲಿ ಬರೆದುಕೊಡಿ, ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಿ. ಕಚೇರಿ ಕಿವಿಗೊಡದಿದ್ದರೆ ದೂರು ಕೊಡಲು ಬೆಂಗಳೂರಿನಲ್ಲಿ ವಿಕಲಚೇತನರ ರಾಜ್ಯ ಆಯುಕ್ತರಿದ್ದಾರೆ. ಅದಕ್ಕೆ ವಕೀಲರೇ ಬೇಕೆಂದಿಲ್ಲ.