ಒಂದು ‘ಅಲ್ಲಿ’ಗೆ ಮೂರು ನೋಟ

ಭಾರತಕ್ಕೆ ಸ್ವಾತಂತ್ರ್ಯ ಬಂದ ಗಳಿಗೆಯನ್ನು ಇಂಗ್ಲಿಷಿನಲ್ಲಿ ಹೇಳಿ ನೋಡಿ: ಆ್ಯಟ್ ಮಿಡ್‌ನೈಟ್, ಆನ್ ಆಗಸ್ಟ್ 15, ಇನ್ 1947. ಘಟನೆ ಒಂದೇ, ಅದನ್ನು ಹಿಡಿದು ನಿಲ್ಲಿಸುವ ಪುಟ್ಟ ಪದಗಳು ಮೂರು. ಇವು ಅದಲುಬದಲಾದರೆ ಆ ಭಾಷೆಯಲ್ಲಿ ಬೆಳೆದವರ ಕಿವಿಗೆ ಕೂಡಲೇ ತಾಗುತ್ತದೆ.

ಗಂಟೆಗೆ ಆ್ಯಟ್, ದಿನಕ್ಕೆ ಆನ್, ವರ್ಷಕ್ಕೆ ಇನ್ ಎಂದು ನಮ್ಮಲ್ಲಿ ಹೆಚ್ಚಿನವರು ಬಾಯಿಪಾಠ ಮಾಡಿಯೇ ಕಲಿತದ್ದು. ಬಾಯಿಪಾಠಕ್ಕೆ ಮೊದಲು ಅದೇ ಮಾತನ್ನು ಕನ್ನಡದಲ್ಲಿ ಹೇಳಿಕೊಂಡರೆ ಒಂದು ಸೊಗಸು ಕಾಣುತ್ತದೆ. ರಾತ್ರಿ ಹನ್ನೆರಡು ಗಂಟೆಗೆ, ಆಗಸ್ಟ್ 15ರಂದು, 1947ರಲ್ಲಿ. ಇಲ್ಲೂ ಮೂರು! ಗಡಿಯಾರದ ಮುಳ್ಳು ಮುಟ್ಟುವ ಒಂದು ಬಿಂದುವಿಗೆ ‘ಗೆ’, ಕ್ಯಾಲೆಂಡರಿನ ಒಂದು ಮನೆಗೆ ‘ಅಂದು’, ನಾವು ಒಳಗೆ ಬದುಕಿ ಬರುವ ದೀರ್ಘ ಕಾಲಕ್ಕೆ ‘ಅಲ್ಲಿ’. ಜೂನ್‌ನಲ್ಲಿ, ಮಳೆಗಾಲದಲ್ಲಿ, ಹತ್ತೊಂಬತ್ತನೆಯ ಶತಮಾನದಲ್ಲಿ ಎನ್ನುತ್ತೇವಲ್ಲ, ಇಂಗ್ಲಿಷ್ ಅಲ್ಲೆಲ್ಲ ಇನ್ ಎನ್ನುತ್ತದೆ.

ಹೋಲಿಕೆ ಇಷ್ಟಕ್ಕೇ ನಿಲ್ಲುವುದಿಲ್ಲ. ‘ಯುಗಾದಿಗೆ ಬರ್ತೀನಿ’ ಎಂದವರು ಹಬ್ಬದ ಹಿಂದುಮುಂದಿನ ದಿನಗಳಲ್ಲಿ ಯಾವಾಗಲಾದರೂ ಬರಬಹುದು. ‘ಯುಗಾದಿಯಂದು ಬರ್ತೀನಿ’ ಎಂದವರಿಗೆ ಆ ಸ್ವಾತಂತ್ರ್ಯವಿಲ್ಲ, ಬೇವುಬೆಲ್ಲದ ಹೊತ್ತಿಗೆ ಇರಲೇಬೇಕು. ಇಂಗ್ಲಿಷಿನವರು ಆ್ಯಟ್ ಕ್ರಿಸ್‌ಮಸ್ ಮತ್ತು ಆನ್ ಕ್ರಿಸ್‌ಮಸ್ ಡೇ ನಡುವೆ ಕಾಯ್ದುಕೊಳ್ಳುವ ವ್ಯತ್ಯಾಸ ಇದೇ. ‘ಸೋಮವಾರದೊಳಗೆ ಮುಗಿಸು’ ಎಂದರೆ ಬೈ ಮಂಡೇ, ‘ಸೋಮವಾರದವರೆಗೆ ಇರು’ ಎಂದರೆ ಅಂಟಿಲ್ ಮಂಡೇ. ಇವೆರಡನ್ನು ಬೆರೆಸಿ ಬರೆದ ಕಚೇರಿ ಪತ್ರಗಳು ಎಷ್ಟೋ ಇವೆ, ಆದರೆ ಕನ್ನಡದಲ್ಲಿ ಯೋಚಿಸುವಾಗ ನಾವು ಯಾರೂ ಬೆರೆಸುವುದಿಲ್ಲ. ‘ಇನ್ನು ಹತ್ತು ನಿಮಿಷದಲ್ಲಿ ಹೊರಡುತ್ತೇನೆ’ ಎಂಬುದೂ ನೇರವಾಗಿ ಇನ್ ಟೆನ್ ಮಿನಿಟ್ಸ್. ಅಲ್ಲಿ ಆಫ್ಟರ್ ಟೆನ್ ಮಿನಿಟ್ಸ್ ಎನ್ನುವ ರೂಢಿ ನಮಗೆ ಯಾಕೆ ಅಂಟಿತೋ, ನಮ್ಮ ಭಾಷೆಯಂತೂ ಅದನ್ನು ಕಲಿಸಿಲ್ಲ. ‘ಕಳೆದ ಸೋಮವಾರ’, ‘ಮುಂದಿನ ತಿಂಗಳು’ ಎನ್ನುವಾಗ ನಾವು ಪ್ರತ್ಯಯವಿಲ್ಲದೆ ಬಿಡುವಂತೆಯೇ ಇಂಗ್ಲಿಷ್ ಕೂಡ ಲಾಸ್ಟ್ ಮಂಡೇ, ನೆಕ್ಸ್ಟ್ ಮಂತ್ ಎಂದು ಬರಿದಾಗಿ ಬಿಡುತ್ತದೆ. ಅವುಗಳ ಮುಂದೆ ಆನ್, ಇನ್ ಹಚ್ಚಬಾರದು.

ಹೊತ್ತಿನ ಹೆಸರುಗಳಲ್ಲಿ ಮಾತ್ರ ಎಚ್ಚರ ಬೇಕು. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಮೂರಕ್ಕೂ ಇನ್, ರಾತ್ರಿಗೆ ಆ್ಯಟ್. ನಡುರಾತ್ರಿ ಏನೋ ಸದ್ದಾಗಿ ಎಚ್ಚರವಾಯಿತು ಎನ್ನುವಾಗ ಇನ್ ದ ನೈಟ್ ಸರಿಯೇ. ಆದರೆ ಇವುಗಳಲ್ಲಿ ಯಾವುದನ್ನೇ ಆಗಲಿ ಒಂದು ನಿರ್ದಿಷ್ಟ ದಿನಕ್ಕೆ ಕಟ್ಟಿದೊಡನೆ ದಿನವೇ ಯಜಮಾನ: ಆನ್ ಮಂಡೇ ಮಾರ್ನಿಂಗ್, ಆನ್ ಫ್ರೈಡೇ ನೈಟ್.

ಕಾಲದಲ್ಲಿ ಹೀಗೆ ಕೈಹಿಡಿದು ನಡೆಸುವ ಕನ್ನಡ ಜಾಗದ ವಿಷಯಕ್ಕೆ ಬಂದಾಗ ಕೈಬಿಡುತ್ತದೆ. ಶಾಲೆಯಲ್ಲಿ ‘ಉ, ಅನ್ನು, ಇಂದ, ಗೆ’ ಎಂದು ರಾಗವಾಗಿ ಒಪ್ಪಿಸುತ್ತ ಕೊನೆಗೆ ಮುಟ್ಟುವ ಸಪ್ತಮಿಯ ‘ಅಲ್ಲಿ’ ಬಲು ಉದಾರಿ. ಮನೆಯಲ್ಲಿ, ಬಾಗಿಲಲ್ಲಿ, ರಸ್ತೆಯಲ್ಲಿ, ಮೈಸೂರಿನಲ್ಲಿ, ಎಲ್ಲಕ್ಕೂ ಅದೊಂದೇ ಸಾಕು. ವೈಯಾಕರಣ ಕೇಶಿರಾಜ 13ನೆಯ ಶತಮಾನದಲ್ಲಿ ಶಬ್ದಮಣಿದರ್ಪಣ ಬರೆದಾಗ ಈ ಸ್ಥಾನದಲ್ಲಿದ್ದದ್ದು ‘ಒಳ್’. ಇಂಗ್ಲಿಷ್ ಇಲ್ಲಿ ಪ್ರತಿ ಸಲವೂ ನಮ್ಮನ್ನು ಒಂದು ಪ್ರಶ್ನೆ ಕೇಳುತ್ತದೆ: ಆ ಜಾಗವನ್ನು ನೀನು ಈಗ ಏನೆಂದು ನೋಡುತ್ತಿದ್ದೀಯೆ? ನಕ್ಷೆಯ ಮೇಲಿನ ಒಂದು ಚುಕ್ಕಿಯೆಂದೆ? ಹಾಗಾದರೆ ಆ್ಯಟ್. ಮುಟ್ಟಬಹುದಾದ ಮೈ ಅಥವಾ ಉದ್ದದ ಗೆರೆಯೆಂದೆ? ಆನ್. ಸುತ್ತ ಎಲ್ಲೆಯಿರುವ ಒಡಲೆಂದೆ? ಇನ್. ಬಸ್‌ಸ್ಟಾಪಿನಲ್ಲಿ ಕಾಯುವುದು ಆ್ಯಟ್, ಸಯ್ಯಾಜಿರಾವ್ ರಸ್ತೆಯಲ್ಲಿರುವ ಅಂಗಡಿ ಆನ್, ಆ ರಸ್ತೆಯಿರುವ ಮೈಸೂರಿಗೆ ಇನ್. ಕಾರ್ನರ್ ಎಂಬ ಒಂದೇ ಪದ ಮೂರನ್ನೂ ಬಲ್ಲದು: ಕೋಣೆಯ ಮೂಲೆಯಲ್ಲಿ ಕುರ್ಚಿಯಿದ್ದರೆ ಇನ್, ಬೀದಿಯ ತಿರುವಿನಲ್ಲಿ ಗೆಳೆಯನಿಗಾಗಿ ನಿಂತರೆ ಆ್ಯಟ್, ಆ ತಿರುವಿಗೆ ಅಂಟಿಕೊಂಡೇ ಕಟ್ಟಿದ ದಿನಸಿ ಅಂಗಡಿಗೆ ಆನ್.

ನನಗೆ ಈ ಮೂರರಲ್ಲಿ ಹೆಚ್ಚು ಅಚ್ಚುಮೆಚ್ಚು ಆನ್. ಅದನ್ನು ‘ಮೇಲೆ’ ಎಂದು ಕಲಿಸುವುದರಿಂದ ಅರ್ಧ ಸತ್ಯವಷ್ಟೇ ಸಿಗುತ್ತದೆ. ಹಲ್ಲಿ ಛಾವಣಿಯ ಒಳಮೈಗೆ ತಲೆಕೆಳಗಾಗಿ ಅಂಟಿಕೊಂಡಿದೆ ಎನ್ನಿ. ‘ಹಲ್ಲಿ ಛಾವಣಿಯ ಮೇಲಿದೆ’ ಎಂದರೆ ಕನ್ನಡದವರು ಅದನ್ನು ಹುಡುಕಲು ಏಣಿ ಹತ್ತಿಯಾರು. ಇಂಗ್ಲಿಷಿನಲ್ಲಿ ಅದು ನೆಮ್ಮದಿಯಾಗಿ ಆನ್ ದ ಸೀಲಿಂಗ್. ಆನ್‌ಗೆ ಮೇಲು ಕೆಳಗಿನ ಚಿಂತೆಗಿಂತ ಮುಟ್ಟಿರುವುದು ಮುಖ್ಯ, ಆ ಮೈ ಭಾರವನ್ನು ಹಿಡಿದುಕೊಂಡಿರುವುದು ಮುಖ್ಯ. ಗೋಡೆಯ ಚಿತ್ರ, ಬೆರಳಿನ ಉಂಗುರ, ಕೊಂಬೆಯ ಮಾವಿನಕಾಯಿ ಎಲ್ಲವೂ ಆನ್ ಆಗುವುದು ಹೀಗೆ. ಸ್ಪರ್ಶ ತಪ್ಪಿತೋ, ನಮ್ಮ ಅದೇ ‘ಮೇಲೆ’ ಓವರ್ ಅಥವಾ ಅಬೋವ್ ಆಗುತ್ತದೆ. ಊಟದ ಮೇಜಿನ ಮೇಲೆ ತೂಗುವ ದೀಪ ಓವರ್, ಮೇಜಿನ ಮೇಲಿಟ್ಟ ತಟ್ಟೆ ಆನ್.

ಒಂದು ನದಿಯನ್ನು ಇಟ್ಟುಕೊಂಡು ಇದನ್ನೆಲ್ಲ ಕಾಣಬಹುದು, ಕಾವೇರಿಯನ್ನೇ ತೆಗೆದುಕೊಳ್ಳೋಣ. ಮೀನು ಅದರಲ್ಲಿ ಇನ್. ದೋಣಿ ಮತ್ತು ಹರಿಗೋಲು ನೀರಿನ ಮೈಗೆ ತಾಗಿ ತೇಲುವುದರಿಂದ ಆನ್. ದಡದ ಊರು ನೀರಿನ ಮೇಲೆ ತೇಲುವುದಿಲ್ಲ, ಆದರೂ ಅದಕ್ಕೆ ಆನ್. ಇಲ್ಲಿ ಇಂಗ್ಲಿಷ್ ನದಿಯನ್ನು ಒಂದು ಗೆರೆಯಾಗಿ ನೋಡಿ, ಊರು ಆ ಗೆರೆಯನ್ನು ಮುಟ್ಟಿದೆ ಎನ್ನುತ್ತದೆ. ನಂಜನಗೂಡು ಆನ್ ದ ಕಬಿನಿ, ಮಂಗಳೂರು ಆನ್ ದ ಕೋಸ್ಟ್. ಶ್ರೀರಂಗಪಟ್ಟಣ ನದಿಯ ಎರಡು ತೋಳುಗಳ ನಡುವಿನ ದ್ವೀಪ. ದ್ವೀಪ ನದಿಗೆ ಇನ್, ಪಟ್ಟಣ ದ್ವೀಪಕ್ಕೆ ಆನ್. ಪೂರ್ಣಯ್ಯನವರು ದಿವಾನರಾಗಿದ್ದಾಗ 1804ರಲ್ಲಿ ಅಲ್ಲಿ ಕಟ್ಟಿಸಿದ ವೆಲ್ಲೆಸ್ಲಿ ಸೇತುವೆ ನೀರನ್ನು ದಾಟಿಕೊಂಡು ಮೇಲೆ ಹೋಗುವುದರಿಂದ ಓವರ್. ಕನ್ನಂಬಾಡಿ ಅಣೆಕಟ್ಟು ಈ ದಡದಿಂದ ಆ ದಡಕ್ಕೆ ಅಡ್ಡ ನಿಂತಿರುವುದರಿಂದ ಅಕ್ರಾಸ್. ದಡದುದ್ದಕ್ಕೂ ನಡೆದರೆ ಅಲಾಂಗ್. ನಾವು ನೀರನ್ನು ನೋಡುವ ಬಗೆ ಬದಲಾದಷ್ಟೂ ಪದ ಬದಲಾಗುತ್ತದೆ, ಮತ್ತು ಪ್ರತಿ ಸಲವೂ ಆ ಪುಟ್ಟ ಪದ ನದಿಯ ಬೇರೊಂದು ಚಿತ್ರವನ್ನು ಬರೆದುಕೊಡುತ್ತದೆ.

ವಾಹನಗಳ ಮಾತು ಬೇಗ ಮುಗಿಯುವಂಥದ್ದು. ಎದ್ದು ನಿಂತು ಓಡಾಡಬಹುದಾದ ಬಸ್ಸು, ರೈಲು, ಹಡಗು, ವಿಮಾನಗಳಿಗೆ ಆನ್. ತಲೆ ತಗ್ಗಿಸಿ ಒಳಸೇರುವ ಕಾರು, ಆಟೋಗಳಿಗೆ ಇನ್. ಕಾಲು ಹಾಕಿ ಕೂರುವ ಸೈಕಲ್, ಕುದುರೆಗಳಿಗೆ ಮತ್ತೆ ಆನ್.

ಸಾವಿರ ವರ್ಷದ ಹಿಂದಿನ ಇಂಗ್ಲಿಷ್‌ಗೂ ಕನ್ನಡದಂತೆ ವಿಭಕ್ತಿ ಪ್ರತ್ಯಯಗಳಿದ್ದವು. ಶತಮಾನಗಳಲ್ಲಿ ಅವು ಬಹುಮಟ್ಟಿಗೆ ಸವೆದುಹೋದವು, ಹೊರೆಯೆಲ್ಲ ನಾಮಪದದ ಮುಂದೆ ನಿಲ್ಲುವ ಈ ಪದಗಳ ಮೇಲೆ ಬಿತ್ತು. ಆಗಿನ ಆನ್ ಇಂದಿನ ಇನ್‌ನ ಕೆಲಸವನ್ನೂ ಬಹಳಷ್ಟು ಮಾಡುತ್ತಿತ್ತು. ಅಲೈವ್, ಅಸ್ಲೀಪ್, ಅಶೋರ್ ಪದಗಳ ಮೊದಲಲ್ಲಿ ಕೇಳುವ ‘ಅ’ ಆ ಹಳೆಯ ಆನ್‌ನ ಉಳಿಕೆ. ಇಷ್ಟು ಕಾಲ ದುಡಿದ ಪದಗಳಲ್ಲಿ ಕೆಲವು ಒರಟು ಅಂಚುಗಳು ಉಳಿದದ್ದು ಸಹಜ. ವಾರಾಂತ್ಯಕ್ಕೆ ಬ್ರಿಟನ್ನಿನವರು ಆ್ಯಟ್ ಎನ್ನುತ್ತಾರೆ, ಅಮೆರಿಕದವರು ಆನ್ ಎನ್ನುತ್ತಾರೆ, ಇಬ್ಬರದೂ ಸರಿ.

ಕನ್ನಡಿಗರನ್ನು ನಿಜವಾಗಿ ಎಡವಿಸುವುದು ನಮ್ಮ ‘ಇಂದ’. ‘2019ರಿಂದ ಇಲ್ಲಿದ್ದೇನೆ’, ‘ಐದು ವರ್ಷದಿಂದ ಇಲ್ಲಿದ್ದೇನೆ’, ಎರಡಕ್ಕೂ ನಮಗೆ ಒಂದೇ ಪ್ರತ್ಯಯ. ಇಂಗ್ಲಿಷ್ ಮೊದಲನೆಯದರಲ್ಲಿ ಹೊರಟ ಬಿಂದುವನ್ನು ನೋಡಿ ಸಿನ್ಸ್ ಎನ್ನುತ್ತದೆ, ಎರಡನೆಯದರಲ್ಲಿ ಸವೆಸಿದ ಉದ್ದವನ್ನು ಅಳೆದು ಫಾರ್ ಎನ್ನುತ್ತದೆ. ಸಿನ್ಸ್ ಫೈವ್ ಇಯರ್ಸ್ ಎಂಬ ನಮ್ಮ ಮಾತು ಹುಟ್ಟುವುದು ಇಲ್ಲಿ.

ಕೆಲವು ಕ್ರಿಯಾಪದಗಳಿಗೆ ಈ ಪದಗಳೇ ಬೇಡ. ‘ಮನೆಗೆ’ ಎಂಬುದರ ‘ಗೆ’ ಎಳೆದು ತರುವ ‘ಟು’ ರೀಚ್‌ಗೆ ಬೇಕಿಲ್ಲ, ‘ಬಗ್ಗೆ’ ಎಳೆದು ತರುವ ‘ಅಬೌಟ್’ ಡಿಸ್ಕಸ್‌ಗೆ ಬೇಕಿಲ್ಲ. ಅರೈವ್‌ಗೆ ಮಾತ್ರ ಬೇಕು: ಊರಿಗಾದರೆ ಇನ್, ನಿಲ್ದಾಣಕ್ಕಾದರೆ ಆ್ಯಟ್. ಇನ್ನು ಕೆಲವು ಪದಗಳ ಜೋಡಿ ರೂಢಿಯಿಂದ ಗಟ್ಟಿಯಾದದ್ದು, ನೋಟದ ನಿಯಮ ಅಲ್ಲಿ ಅಷ್ಟಾಗಿ ನೆರವಾಗದು. ‘ಅವನ ಜೊತೆ ಮದುವೆಯಾಯಿತು’ ಎಂಬ ಕನ್ನಡ ಮ್ಯಾರೀಡ್ ವಿತ್ ಎನಿಸುತ್ತದೆ, ಇಂಗ್ಲಿಷಿಗೆ ಬೇಕಾದದ್ದು ಮ್ಯಾರೀಡ್ ಟು. ಇಂಥವನ್ನು ಪದಪಟ್ಟಿಯಲ್ಲಿ ಒಂಟಿಯಾಗಿ ಬರೆದುಕೊಳ್ಳುವ ಅಭ್ಯಾಸ ಬಿಟ್ಟು, ಜೋಡಿಯಾಗಿಯೇ, ಒಂದು ಪೂರ್ತಿ ವಾಕ್ಯದೊಳಗಿಟ್ಟು ಬರೆದುಕೊಳ್ಳಬೇಕು: ಡಿಪೆಂಡ್ ಆನ್, ಗುಡ್ ಆ್ಯಟ್, ಅಫ್ರೇಡ್ ಆಫ್. ಬರೆದ ಮೇಲೆ ಒಮ್ಮೆ ಗಟ್ಟಿಯಾಗಿ ಓದಿಕೊಳ್ಳಬೇಕು. ಜೋಡಿ ನೆನಪಿನಲ್ಲಿ ಕೂರುವುದು ಹೆಚ್ಚಾಗಿ ಕಿವಿಯ ದಾರಿಯಿಂದ.