ಪರದೆ ಅಗಲವಾಯಿತು, ಮುಖವೇಕೆ ಅಗಲ?

1980ರ ದಶಕದಲ್ಲಿ ಶಂಕರ್‌ನಾಗ್ ಆಗುಂಬೆಯಲ್ಲಿ ಚಿತ್ರಿಸಿದ ‘ಮಾಲ್ಗುಡಿ ಡೇಸ್’ ಧಾರಾವಾಹಿಯನ್ನು ಇಂದಿನ ಚಪ್ಪಟೆ ಟಿ.ವಿ.ಯಲ್ಲಿ ಹಾಕಿ ನೋಡಿ. ಎಷ್ಟೋ ಮನೆಗಳಲ್ಲಿ ಪುಟ್ಟ ಸ್ವಾಮಿಯ ಕೆನ್ನೆ ಊದಿಕೊಂಡಂತೆ ಕಾಣುತ್ತದೆ. ಕಾರಣ, ಚಿತ್ರದ ಅಳತೆಗೂ ಪರದೆಯ ಅಳತೆಗೂ ಹೊಂದಿಕೆಯಿಲ್ಲ.

ಹಳೆಯ ಅಳತೆ 4:3. ಅಂದರೆ ಅಗಲ ನಾಲ್ಕು ಪಾಲಾದರೆ ಎತ್ತರ ಮೂರು ಪಾಲು. 1890ರ ದಶಕದಲ್ಲಿ ಅಮೆರಿಕದ ಎಡಿಸನ್ ಪ್ರಯೋಗಾಲಯದಲ್ಲಿ ಡಬ್ಲ್ಯು.ಕೆ.ಎಲ್. ಡಿಕ್ಸನ್ 35 ಮಿ.ಮೀ. ಫಿಲ್ಮಿಗೆ ಗೊತ್ತುಮಾಡಿದ ಆಕಾರವಿದು. ಮುಂದೆ ಬಂದ ಟಿ.ವಿ. ಕೂಡ ಇದನ್ನೇ ಅನುಸರಿಸಿತು. ಮನೆಯಲ್ಲೇ ಚಿತ್ರ ಕಾಣತೊಡಗಿದ ಮೇಲೆ ಅಲ್ಲಿನ ಚಿತ್ರಮಂದಿರಗಳಿಗೆ ಪ್ರೇಕ್ಷಕರು ಕಡಿಮೆಯಾದರು. ಅವರನ್ನು ಮರಳಿ ಕರೆತರಲು ಹಾಲಿವುಡ್ ಪರದೆಯನ್ನೇ ಅಗಲಿಸಿತು. 1953ರಲ್ಲಿ ‘ದಿ ರೋಬ್’ ಚಿತ್ರದೊಂದಿಗೆ ಸಿನಿಮಾಸ್ಕೋಪ್ ಬಂತು. ಭಾರತದಲ್ಲಿ ಗುರುದತ್ತರ ‘ಕಾಗಜ್ ಕೆ ಫೂಲ್’ (1959), ಕನ್ನಡದಲ್ಲಿ ‘ಸೊಸೆ ತಂದ ಸೌಭಾಗ್ಯ’ (1977) ಈ ಬಗೆಯ ಮೊದಲ ಚಿತ್ರಗಳು.

1980ರ ದಶಕದಲ್ಲಿ ಹೈ ಡೆಫಿನಿಷನ್ ಟಿ.ವಿ.ಗೆ ಅಳತೆ ಹುಡುಕುವಾಗ ಇವೆರಡರ ನಡುವೆ ರಾಜಿ ಬೇಕಾಯಿತು. ಅಮೆರಿಕದ ಎಂಜಿನಿಯರ್ ಕರ್ನ್ಸ್ ಪವರ್ಸ್, ಬಳಕೆಯಲ್ಲಿದ್ದ ಆಕಾರಗಳನ್ನೆಲ್ಲ ಸಮ ವಿಸ್ತೀರ್ಣದ ಆಯತಗಳಾಗಿ ಒಂದರ ಮೇಲೊಂದು ಇಟ್ಟು ನೋಡಿದರು. ಎಲ್ಲಕ್ಕೂ ಒಗ್ಗುವ ಚೌಕಟ್ಟು 16:9 ಎಂದು ಕಂಡುಬಂತು. ಇಂದಿನ ಅಗಲ ಟಿ.ವಿ.ಯ ಅಳತೆ ಅದೇ. ರಾಜಿಯಾದ್ದರಿಂದಲೇ ಸಿನಿಮಾಸ್ಕೋಪ್ ಚಿತ್ರಕ್ಕೆ ಮೇಲೆ ಕೆಳಗೆ, 4:3 ಚಿತ್ರಕ್ಕೆ ಎಡಬಲದಲ್ಲಿ ಕಪ್ಪು ಪಟ್ಟಿ ಉಳಿಯುತ್ತದೆ.

ದುಡ್ಡು ಕೊಟ್ಟ ಪರದೆಯನ್ನು ಖಾಲಿ ಬಿಡುವುದೇಕೆ ಎಂದು ಕೆಲವರು ಚಿತ್ರವನ್ನು ಎಳೆದು ತುಂಬಿಸುತ್ತಾರೆ. ಆಗ ಎಲ್ಲವೂ ಮೂರನೇ ಒಂದು ಪಾಲು ಹೆಚ್ಚು ಅಗಲವಾಗುತ್ತದೆ. ‘ಜೂಮ್’ ಮಾಡಿದರೆ ಮುಖವೇನೋ ಸರಿಹೋಗುತ್ತದೆ, ಆದರೆ ಎತ್ತರದಲ್ಲಿ ಕಾಲುಭಾಗ ಕತ್ತರಿಸಿಹೋಗುತ್ತದೆ. ಛಾಯಾಗ್ರಾಹಕ ಕಂಡದ್ದನ್ನು ಪೂರ್ತಿ ನೋಡಬೇಕೆಂದರೆ ಮೆನುವಿನಲ್ಲಿ 4:3 ಆರಿಸಿ, ಕಪ್ಪು ಪಟ್ಟಿಯನ್ನು ಸಹಿಸಿಕೊಳ್ಳಬೇಕು.

ಟಿ.ವಿ.ಯ ಹಿಂಬದಿಯ ಸಂಪರ್ಕವೂ ಮುಖ್ಯ. ಹಳದಿ, ಬಿಳಿ, ಕೆಂಪು ತುದಿಗಳ ಹಳೆಯ ಕೇಬಲ್‌ನಲ್ಲಿ ಹಳದಿಯದು ಚಿತ್ರವನ್ನೂ ಉಳಿದೆರಡು ಧ್ವನಿಯನ್ನೂ ಒಯ್ಯುತ್ತವೆ. ಹೈ ಡೆಫಿನಿಷನ್ ಚಿತ್ರ ಅದರಲ್ಲಿ ಬಾರದು. 2002ರಲ್ಲಿ ರೂಪುಗೊಂಡ ಎಚ್‌ಡಿಎಂಐ, ಚಿತ್ರ ಮತ್ತು ಧ್ವನಿ ಎರಡನ್ನೂ ಡಿಜಿಟಲ್ ರೂಪದಲ್ಲಿ ಒಂದೇ ಕೇಬಲ್‌ನಲ್ಲಿ ತರುತ್ತದೆ. ಟಿ.ವಿ.ಯಲ್ಲಿ 4:3 ಆರಿಸಿದರೂ ಚಿತ್ರ ಸರಿಯಾಗದಿದ್ದರೆ ಸೆಟ್‌ಟಾಪ್ ಬಾಕ್ಸ್ ಅದನ್ನು ಮೊದಲೇ ಹಿಗ್ಗಿಸಿ ಕಳುಹಿಸುತ್ತಿರಬಹುದು. ಅದರ ಮೆನುವನ್ನೂ ಒಮ್ಮೆ ನೋಡಬೇಕು.

ಅಳತೆ ಸರಿಯಿದೆಯೇ ಎಂದು ತಿಳಿಯುವುದು ಸುಲಭ. ದೃಶ್ಯದಲ್ಲಿ ಗೋಡೆ ಗಡಿಯಾರವೋ ಗಾಡಿಯ ಚಕ್ರವೋ ನೇರವಾಗಿ ಕಂಡಾಗ ಗಮನಿಸಿ. ಅದು ದುಂಡಗಿದ್ದರೆ ಚಿತ್ರವೂ ಸರಿಯಾಗಿದೆ.